ಮನೆಮಂದಿಯ ವ್ಯಾಯಾಮಕ್ಕೆ ತಾಯಿಯ ಬಿಡುವೇ ಅಳತೆ

ಮೊಣಕಾಲು ನೋವೆಂದು ಹುಬ್ಬಳ್ಳಿಯ ನನ್ನ ಫಿಸಿಯೋಥೆರಪಿ ಕೇಂದ್ರಕ್ಕೆ ಬರುವವರಲ್ಲಿ ನಲವತ್ತೈದು ದಾಟಿದ ಹೆಣ್ಣುಮಕ್ಕಳೇ ಹೆಚ್ಚು. ‘ವಾಕಿಂಗ್ ಹೋಗುತ್ತೀರಾ?’ ಎಂದು ಕೇಳಿದರೆ ಅವರಲ್ಲಿ ಬಹಳಷ್ಟು ಜನ ಹೇಳುವುದು, ‘ನಮ್ಮ ಮನೆಯವರು ದಿನಾ ಹೋಗುತ್ತಾರೆ ಮೇಡಂ’ ಎಂದು. ಯಜಮಾನರು ಬೆಳಿಗ್ಗೆ ಐದೂವರೆಗೆ ಉಣಕಲ್ ಕೆರೆಯ ದಂಡೆಗೋ ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನಕ್ಕೋ ಹೊರಡುವ ಹೊತ್ತಿನಲ್ಲಿ ಇವರು ಒಲೆಯ ಮುಂದೆ ಇರುತ್ತಾರೆ. ರೊಟ್ಟಿ ಬಡಿಯಬೇಕು, ಪಲ್ಯಕ್ಕೆ ಒಗ್ಗರಣೆ ಹಾಕಬೇಕು, ಮಕ್ಕಳ ಡಬ್ಬಿ ತುಂಬಬೇಕು, ಅತ್ತೆಗೆ ಮಾತ್ರೆ ಕೊಡಬೇಕು. ನಳಕ್ಕೆ ನೀರು ಬರುವ ದಿನವಾದರೆ ಕೊಡ, ಬ್ಯಾರಲ್, ಟಾಕಿ ತುಂಬುವುದರಲ್ಲೇ ಬೆಳಗು ಕಳೆದುಹೋಗುತ್ತದೆ.

ಹೀಗಾಗಿ ‘ಇಡೀ ಮನೆಯವರು ಸೇರಿ ಆರೋಗ್ಯ ನೋಡಿಕೊಳ್ಳಬೇಕು, ಎಲ್ಲಿಗೆ ಹೋಗೋಣ?’ ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಜಾಗದ ಹೆಸರು ಹೇಳುವುದಿಲ್ಲ. ಮನೆಯಲ್ಲಿ ಅಡುಗೆ ಮಾಡುವವರಿಗೆ ಯಾವ ಹೊತ್ತಿಗೆ ಕೈ ಬಿಡುವಾಗುತ್ತದೆ ಎಂದು ಕೇಳುತ್ತೇನೆ. ಆ ಹೊತ್ತಿನಲ್ಲಿ, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಯಾವ ಜಾಗ ತೆರೆದಿದೆಯೋ ಅದೇ ಆ ಕುಟುಂಬಕ್ಕೆ ಸರಿಯಾದ ಜಾಗ. ದೂರದ ಚೆಂದದ ಉದ್ಯಾನ ನಾಲ್ಕು ದಿನದ ಉತ್ಸಾಹಕ್ಕೆ ಸಾಕಾಗುತ್ತದೆ, ಅಷ್ಟೆ. ಗದಗಿನ ಸುನೀಲ ಜೋಶಿ ಬಾಲ್ಯದಲ್ಲಿ ಕ್ರಿಕೆಟ್ ಅಭ್ಯಾಸಕ್ಕಾಗಿ ನಸುಕಿನಲ್ಲೇ ಹುಬ್ಬಳ್ಳಿಗೆ ಬಂದು ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಭಾರತ ತಂಡಕ್ಕೆ ಆಡಬೇಕೆಂಬ ಹುಡುಗನಿಗೆ ಆ ದೂರ ದೂರವಲ್ಲ. ಸಕ್ಕರೆ ಕಾಯಿಲೆ ಬಾರದಿರಲಿ, ಮೊಣಕಾಲು ಗಟ್ಟಿಯಾಗಿರಲಿ ಎಂದು ಬಯಸುವ ಮನೆಗೆ ಓಣಿಯ ತುದಿಯ ಮೈದಾನವೇ ಮೇಲು.

ವ್ಯಾಯಾಮವೆಂದರೆ ನಸುಕಿನಲ್ಲೇ ಆಗಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ದೇಹಕ್ಕೆ ಅಂಥ ಕಟ್ಟಳೆಯೇನೂ ಇಲ್ಲ. ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆಯಿಂದ ವಿಶೇಷ ಲಾಭವೇ ಇದೆ: ನಡೆಯುವ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಹೆಚ್ಚು ಬೇಡದೆ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಊಟದ ನಂತರ ಸಕ್ಕರೆ ಅತಿಯಾಗಿ ಏರುವುದಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಒಂದೇ ಬಾರಿಗೆ ಕನಿಷ್ಠ ಹತ್ತು ನಿಮಿಷ ಮಾಡಲೇಬೇಕೆಂಬ ಹಳೆಯ ಷರತ್ತನ್ನು ಆಗ ಕೈಬಿಡಲಾಯಿತು. ಬಿಡುವು ತುಣುಕು ತುಣುಕಾಗಿ ಸಿಗುವ ತಾಯಂದಿರಿಗೆ ಇದು ದೊಡ್ಡ ಸಮಾಧಾನ. ಶ್ರಮ ಮಧ್ಯಮವೋ ಅಲ್ಲವೋ ಎಂದು ತಿಳಿಯಲು ಕೈಗಡಿಯಾರದ ಯಂತ್ರ ಬೇಡ. ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಬರುತ್ತಿದ್ದು, ಹಾಡಲು ಉಸಿರು ಸಾಲದಿದ್ದರೆ ವೇಗ ಸರಿಯಾಗಿದೆ.

‘ಮನೆಗೆಲಸವೇ ವ್ಯಾಯಾಮವಲ್ಲವೇ?’ ಎಂದು ಎಷ್ಟೋ ಜನ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಸ ಗುಡಿಸುವುದು, ನೆಲ ಒರೆಸುವುದು, ನೀರಿನ ಕೊಡ ಎತ್ತುವುದು ಖಂಡಿತ ಶ್ರಮವೇ. ಆದರೆ ಗಂಟೆಗಟ್ಟಲೆ ಅಡುಗೆ ಕಟ್ಟೆಯ ಮುಂದೆ ನಿಂತರೆ ಕಾಲು ಸೋಲುತ್ತದೆಯೇ ಹೊರತು ತೊಡೆಯ ಸ್ನಾಯು ಬಲಿಯುವುದಿಲ್ಲ. ಎದೆಬಡಿತ ಏರಿ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುವುದೂ ಇಲ್ಲ. ಸವೆದ ಮೊಣಕಾಲಿಗೆ ಆಸರೆಯಾಗುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೊರಗಿದಷ್ಟೂ ನೋವು ಹೆಚ್ಚು. ಮೊಣಕಾಲು ಸವೆದವರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಕೀಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಎರಡು ಮೂರು ಕಿಲೋ ಇಳಿಸಿದವರೂ ಮೆಟ್ಟಿಲು ಹತ್ತುವಾಗ ಆ ವ್ಯತ್ಯಾಸವನ್ನು ಗುರುತಿಸುತ್ತಾರೆ.

ಕಾಲಿನ ಬಲ ಅಳೆಯಲು ನನ್ನ ಕೇಂದ್ರದಲ್ಲಿ ಮಾಡಿಸುವ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಬಹುದು. ಗೋಡೆಗೆ ಒತ್ತಿಟ್ಟ, ಕೈಗಳಿಲ್ಲದ ಗಟ್ಟಿ ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಕಟ್ಟಿ, ಪಾದಗಳನ್ನು ನೆಲಕ್ಕೆ ಊರಿ, ಪೂರ್ತಿ ಎದ್ದು ನಿಂತು ಮತ್ತೆ ಕುಳಿತುಕೊಳ್ಳಿ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಏಳಲಾಯಿತು ಎಂದು ಮೊಮ್ಮಗಳು ಎಣಿಸಲಿ. ಅರವತ್ತರಿಂದ ಅರವತ್ತನಾಲ್ಕರ ವಯಸ್ಸಿನ ಹೆಂಗಸರಿಗೆ ಹನ್ನೆರಡಕ್ಕಿಂತ ಕಡಿಮೆ, ಗಂಡಸರಿಗೆ ಹದಿನಾಲ್ಕಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕುಂದಿದೆ ಎಂದರ್ಥ. ಅಂಥವರು ಬೀಳುವ ಅಪಾಯವೂ ಹೆಚ್ಚು. ಪರೀಕ್ಷೆಯೇ ಇಲ್ಲಿ ಚಿಕಿತ್ಸೆಯೂ ಹೌದು. ಕೆರೆ ದಂಡೆಯ ಕಲ್ಲುಬೆಂಚಿನ ಮೇಲೆ ದಿನಕ್ಕೆ ಹತ್ತರಂತೆ ಎರಡು ಸುತ್ತು ಎದ್ದು ಕುಳಿತರೆ ಕೆಲವು ವಾರಗಳಲ್ಲೇ ಎಣಿಕೆ ಏರತೊಡಗುತ್ತದೆ.

ಈಗ ಜಾಗಗಳ ಮಾತು. ಉಣಕಲ್ ಕೆರೆಯ ದಂಡೆ, ತೋಳನಕೆರೆಯ ಸುತ್ತಿನ ಹಾದಿ, ಧಾರವಾಡದಲ್ಲಿ ಕೆಲಗೇರಿ ಕೆರೆ, ಸಾಧನಕೇರಿ ಇವೆಲ್ಲ ಸಪಾಟಾಗಿರುವುದರಿಂದ ಮೊಣಕಾಲು ನೋವಿನವರೂ ಈಗಷ್ಟೇ ಶುರು ಮಾಡುವವರೂ ಇಲ್ಲಿಗೆ ಹೋಗಬಹುದು. ನೃಪತುಂಗ ಬೆಟ್ಟದ ಏರು ಹೃದಯಕ್ಕೂ ತೊಡೆಗೂ ಒಳ್ಳೆಯದು. ಆದರೆ ಮೊಣಕಾಲಿಗೆ ಪೆಟ್ಟು ಬೀಳುವುದು ಹತ್ತುವಾಗಿಗಿಂತ ಇಳಿಯುವಾಗ. ನೋವಿರುವವರು ಒಂದೆರಡು ತಿಂಗಳು ಸಪಾಟು ನೆಲದಲ್ಲಿ ಕಾಲು ಪಳಗಿಸಿಕೊಂಡು ಆಮೇಲೆ ಬೆಟ್ಟದ ಕಡೆ ಹೊರಡಿ. ಕರ್ನಾಟಕ ಕಾಲೇಜಿನ ಮಣ್ಣಿನ ಮೈದಾನ ಕಾಂಕ್ರೀಟಿಗಿಂತ ಮೆತ್ತಗಿರುವುದರಿಂದ ಹಿಮ್ಮಡಿ ನೋವಿನವರಿಗೆ ಹಿತ. ಮಳೆಗಾಲದಲ್ಲಿ ಮಾತ್ರ ಜಾರುವ ಭಯವಿದೆ. ವಯಸ್ಸಾದವರು ಆ ಎರಡು ಮೂರು ತಿಂಗಳು ಬೇರೆ ಜಾಗ ನೋಡಿಕೊಳ್ಳಬೇಕು.

ಆ ಬೇರೆ ಜಾಗ ನಮ್ಮ ಊರುಗಳಲ್ಲಿ ಕಣ್ಣೆದುರೇ ಇದೆ, ನಾವು ಅದನ್ನು ಆ ದೃಷ್ಟಿಯಿಂದ ನೋಡಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠ, ಧಾರವಾಡದ ಮುರುಘಾಮಠ, ಗದಗಿನ ತೋಂಟದಾರ್ಯ ಮಠ, ಹಾವೇರಿಯ ಹುಕ್ಕೇರಿಮಠ: ಸಂಜೆಯ ಹೊತ್ತು ಮಠದ ಆವರಣದಲ್ಲಿ ದೀಪ ಇರುತ್ತದೆ, ಜನರಿರುತ್ತಾರೆ, ಹೆಣ್ಣುಮಗಳೊಬ್ಬಳು ಒಬ್ಬಳೇ ಹೋಗಿ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ‘ಎಲ್ಲಿಗೆ ಹೊರಟೆ?’ ಎಂದು ಅತ್ತೆ ಕೇಳುವ ಮನೆಗಳಲ್ಲಿ ‘ಮಠಕ್ಕೆ’ ಎಂಬ ಉತ್ತರಕ್ಕೆ ಎದುರು ಮಾತಿಲ್ಲ. ಅತ್ತೆಯೂ ಜೊತೆಗೆ ಹೊರಡುತ್ತಾರೆ. ಮನೆಯಿಂದ ನಡೆದೇ ಹೋಗಿ, ಗದ್ದುಗೆಗೆ ಕೈಮುಗಿದು, ನಡೆದೇ ಬಂದರೆ ಆ ದಿನದ ಅರ್ಧ ಗಂಟೆ ಪೂರ್ತಿಯಾಗುತ್ತದೆ. ನನ್ನ ಬಳಿ ಬರುವವರಲ್ಲಿ ನಡಿಗೆಯನ್ನು ವರ್ಷಗಟ್ಟಲೆ ಉಳಿಸಿಕೊಂಡವರು ಬಹುಪಾಲು ಹೀಗೆ ಯಾವುದಾದರೊಂದು ನೆಪದ ಜೊತೆ ನಡೆಯುವವರೇ.

ಉದ್ಯಾನಗಳಲ್ಲಿ ಈಗ ಬಯಲು ಜಿಮ್ ಸಾಮಗ್ರಿಗಳನ್ನು ಕೂಡಿಸಿದ್ದಾರೆ. ಅವುಗಳ ಬಗ್ಗೆ ಒಂದಿಷ್ಟು ಎಚ್ಚರ ಹೇಳಲೇಬೇಕು. ಕುಳಿತು ಕಾಲಿನಿಂದ ತಳ್ಳುವ ಸಾಧನ ಒಳ್ಳೆಯದು. ನಿಮ್ಮದೇ ಮೈಭಾರವನ್ನು ತೊಡೆ ಎತ್ತುತ್ತದೆ. ಗಾಳಿಯಲ್ಲಿ ಕಾಲು ಬೀಸುವ ಸಾಧನ ಮಕ್ಕಳಿಗೆ ಮೋಜು, ಆದರೆ ಅದರಲ್ಲಿ ಸ್ನಾಯುವಿಗೆ ಎದುರುಬಲವೇ ಇಲ್ಲ, ಅರವತ್ತು ದಾಟಿದವರು ಅದರಿಂದ ಇಳಿಯುವಾಗ ಆಯ ತಪ್ಪುತ್ತಾರೆ. ತಿರುಗುವ ತಟ್ಟೆಯ ಮೇಲೆ ನಿಂತು ಸೊಂಟ ತಿರುಚುವುದನ್ನು ಬೆನ್ನುನೋವಿನವರು ಬಿಟ್ಟುಬಿಡಿ. ಹೊಟ್ಟೆ ಕರಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಇದರ ಮೇಲೆ ರಭಸದಿಂದ ತಿರುಗಿ, ಮರುದಿನ ಸೊಂಟ ಹಿಡಿದುಕೊಂಡು ಬರುವವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ಜಾಗದ ಕೊಬ್ಬನ್ನು ಮಾತ್ರ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ.

ಐದರಿಂದ ಹದಿನೇಳರ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಓಟದಾಟ ಬೇಕು. ಲಗೋರಿ, ಚಿಣಿದಾಂಡು, ಖೋ ಖೋಗೆ ಶುಲ್ಕವಿಲ್ಲ, ಜಾಗ ಬೇಕು, ಅಷ್ಟೆ. ಶಾಲೆ ಬಿಟ್ಟ ಮೇಲೆ ಮೈದಾನದ ಗೇಟಿಗೆ ಬೀಗ ಹಾಕುವುದನ್ನು ಪಾಲಕರು ಪ್ರಶ್ನಿಸಬೇಕು. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರೇ ಸದಸ್ಯರಾಗಿರುತ್ತಾರೆ. ಸಂಜೆ ಒಂದು ಗಂಟೆ ಗೇಟು ತೆರೆದಿಡುವ ಹೊಣೆಯನ್ನು ಓಣಿಯ ಇಬ್ಬರು ಹಿರಿಯರು ಹೊತ್ತುಕೊಂಡರೆ ಒಪ್ಪಿಗೆ ಸಿಗುವುದು ಕಷ್ಟವಲ್ಲ. ಆಟದಲ್ಲಿ ಒಲವಿರುವ ಮಕ್ಕಳಿಗೆ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣ, ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ ಇವೆ. ಬೇಸಿಗೆ ಶಿಬಿರಗಳ ವಿವರ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ಮಾರ್ಚ್ ತಿಂಗಳಲ್ಲೇ ವಿಚಾರಿಸಿಡಿ. ಇನ್ನು ಗರಡಿಮನೆಗಳು. ಡಂಡ, ಬೈಠಕ್ ಇವೆರಡನ್ನು ಕಲಿತ ಹುಡುಗನಿಗೆ ಮುಂದೆ ಜಿಮ್ಮಿನಲ್ಲಿ ಕಲಿಯಬೇಕಾದ್ದು ಹೆಚ್ಚೇನೂ ಉಳಿಯುವುದಿಲ್ಲ. ಹೆಣ್ಣುಮಕ್ಕಳೂ ಕುಸ್ತಿಯ ಅಖಾಡಕ್ಕಿಳಿದು ಪದಕ ತರುತ್ತಿರುವ ಈ ಕಾಲದಲ್ಲಿ ಗರಡಿಯ ಬಾಗಿಲು ಹುಡುಗರಿಗೆ ಮಾತ್ರ ತೆರೆದಿರುವುದು ನ್ಯಾಯವಲ್ಲ.

ಭಾನುವಾರಕ್ಕೆ ಬೇರೆ ಲೆಕ್ಕ. ಆ ದಿನ ದೂರ ಹೋಗಲಿ. ಗದಗಿನವರಿಗೆ ಭೀಷ್ಮ ಕೆರೆಯಿದೆ, ಬಿಂಕದಕಟ್ಟಿಯ ಮೃಗಾಲಯವಿದೆ, ಇನ್ನೂ ಮುಂದೆ ಹೋದರೆ ಕಪ್ಪತಗುಡ್ಡವಿದೆ. ಹಾವೇರಿಯವರಿಗೆ ಹೆಗ್ಗೇರಿ ಕೆರೆ, ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯ ದೂರವಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲದ ಕಾರಣ ತಾಯಿ, ಮಗಳು, ಅಜ್ಜಿ ಹೊರಡುವುದಕ್ಕೆ ಖರ್ಚಿನ ಅಡ್ಡಿಯೂ ಕಡಿಮೆಯಾಗಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವ ನೌಕರರಿಗೆ ನನ್ನದೊಂದೇ ಕೋರಿಕೆ: ಇಳಿಯಬೇಕಾದ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ.

ಶುರು ಮಾಡುವ ಮುನ್ನ ಮೂವತ್ತು ದಾಟಿದವರೆಲ್ಲ ಒಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು. ಇದಕ್ಕೂ ದುಡ್ಡು ಬೇಕಿಲ್ಲ. 2022ರ ಡಿಸೆಂಬರ್‌ನಲ್ಲಿ ಊರಿನವರಿಗೆ ಉಚಿತವಾಗಿ ತಪಾಸಣೆ ಮಾಡುವ ರಾಜ್ಯದ ‘ನಮ್ಮ ಕ್ಲಿನಿಕ್’ಗಳಿಗೆ ಚಾಲನೆ ಸಿಕ್ಕಿದ್ದೇ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ. ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ತಪಾಸಣೆಯ ವಿಭಾಗಗಳಿವೆ. ಹಾಗೆಯೇ ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ತೂಕ ಎಷ್ಟೇ ಇರಲಿ, ಎಚ್ಚರ ಬೇಕು. ನಡೆಯುವಾಗ ಎದೆ ಬಿಗಿದುಕೊಂಡರೆ, ದವಡೆಗೋ ಎಡಗೈಗೋ ನೋವು ಇಳಿದರೆ, ಅಲ್ಲೇ ನಿಂತು ತಡಮಾಡದೆ ಆಸ್ಪತ್ರೆ ಸೇರಿ. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮನೆಗೆ ಮರಳಬೇಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಪುಂಡಿ ಪಲ್ಯ, ಹಸಿ ಮೆಂತ್ಯ, ಹಕ್ಕರಕಿ, ಅಗಸಿ ಚಟ್ನಿ ಇರುವ ತಾಟನ್ನು ಬದಲಿಸಿ ಎಂದು ಹೇಳುವ ಧೈರ್ಯ ಯಾವ ತಜ್ಞರಿಗೂ ಇರಬಾರದು. ವಾಕಿಂಗ್ ಮುಗಿಸಿ ಗೆಳೆಯರೊಡನೆ ಮಿರ್ಚಿ, ಗಿರ್ಮಿಟ್ ತಿನ್ನುವ ರೂಢಿ ಮಾತ್ರ ವಾರಕ್ಕೊಮ್ಮೆಗೆ ಇಳಿಯಲಿ.

ಕೊನೆಗೆ ಆಡಳಿತದವರ ಪಾಲಿನ ಕೆಲಸ. ಸಂಜೆ ಏಳರ ನಂತರ ಉದ್ಯಾನದಲ್ಲಿ ದೀಪವಿಲ್ಲದಿದ್ದರೆ, ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ, ಆ ಉದ್ಯಾನ ಅರ್ಧ ಊರಿಗೆ ಇಲ್ಲದಂತೆಯೇ. ಮಕ್ಕಳನ್ನು ಹೆತ್ತ ಎಷ್ಟೋ ಹೆಂಗಸರಿಗೆ ವೇಗವಾಗಿ ನಡೆದಾಗ ಮೂತ್ರ ತಡೆಯಲಾಗುವುದಿಲ್ಲ. ಸಂಕೋಚದಿಂದ ಯಾರಿಗೂ ಹೇಳದೆ ವಾಕಿಂಗನ್ನೇ ಬಿಡುತ್ತಾರೆ. ಅದಕ್ಕೆ ವ್ಯಾಯಾಮದ ಚಿಕಿತ್ಸೆಯಿದೆ, ಗುಣವಾಗುವವರೆಗೆ ಹತ್ತಿರದಲ್ಲೊಂದು ಸ್ವಚ್ಛ ಶೌಚಾಲಯ ಬೇಕು. ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 82 ವಾರ್ಡುಗಳಿವೆ, ಪ್ರತಿ ವಾರ್ಡಿಗೂ ಒಬ್ಬ ಸದಸ್ಯರಿದ್ದಾರೆ. ಅವರಿಗೆ ಅರ್ಜಿ ಕೊಡುವಾಗ ‘ಉದ್ಯಾನ ಅಭಿವೃದ್ಧಿ ಮಾಡಿ’ ಎಂದಷ್ಟೇ ಬರೆಯಬೇಡಿ. ಯಾವ ಕಂಬದ ದೀಪ ಉರಿಯುತ್ತಿಲ್ಲ, ಶೌಚಾಲಯದ ಕೀಲಿ ಯಾರ ಬಳಿ ಇರಬೇಕು, ಗೇಟು ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರಬೇಕು ಎಂದು ಬಿಡಿಸಿ ಬರೆಯಿರಿ, ಆ ಹೊತ್ತಿನಲ್ಲಿ ಅಲ್ಲಿಗೆ ಬರಲು ಬಯಸುವ ಓಣಿಯ ಹೆಣ್ಣುಮಕ್ಕಳ ಸಹಿಯನ್ನೇ ಮೊದಲು ಹಾಕಿಸಿ.