ದನಿಗೊಡುವ ಕಲ್ಲು ಎಂಥ ವಿಚಿತ್ರ?

ಬಳ್ಳಾರಿಗೆ ಹೊಂದಿಕೊಂಡಂತಿರುವ ಸಂಗನಕಲ್ಲಿನ ಗುಡ್ಡಗಳಲ್ಲಿ, ಇನ್ನೊಂದು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುವ ಕಪ್ಪು ಬಂಡೆಗಳಿವೆ. ಅನುವಾದದ ತರಗತಿಯೊಂದರಲ್ಲಿ ‘ಸಂಗನಕಲ್ಲಿನ ಬಂಡೆ ವಿಚಿತ್ರವಾಗಿದೆ’ ಎಂಬ ಸಾಲನ್ನು ಇಂಗ್ಲಿಷಿಗೆ ತರಲು ಕೊಟ್ಟಿದ್ದೆ. ಸ್ಟ್ರೇಂಜ್, ಆಡ್, ಪೆಕ್ಯೂಲಿಯರ್, ವಿಯರ್ಡ್, ಬಿಜಾರ್, ಕ್ಯೂರಿಯಸ್ ಎಂದು ಆರು ಬಗೆಯ ಉತ್ತರಗಳು ಬಂದವು. ಕೆಲವಕ್ಕೆ ನಾನು ಅರ್ಧ ಅಂಕವನ್ನಷ್ಟೇ ಕೊಟ್ಟದ್ದನ್ನು ಕಂಡು ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಅಲ್ರೀ ಸರ್, ಡಿಕ್ಷನರಿಯಾಗ ಎಲ್ಲಕ್ಕೂ ವಿಚಿತ್ರ ಅಂತಾನೇ ಐತಲ್ರೀ?” ಎಂದಳು. ಅವಳ ತಕರಾರು ನ್ಯಾಯವಾದದ್ದೇ ಆಗಿತ್ತು. ನಿಘಂಟು ಕೊಡುವುದು ಸಮಾನಾರ್ಥಕವನ್ನು. ಆ ಪದ ಯಾರ ಜೊತೆ ಓಡಾಡುತ್ತದೆ ಎಂಬುದನ್ನು ಅದು ಹೇಳುವುದು ಕಡಿಮೆ.

ಪದದ ಅರ್ಥವನ್ನು ಅದರ ಒಡನಾಡಿಗಳಿಂದ ತಿಳಿಯಬೇಕು ಎಂದು 1957ರಲ್ಲಿ ಬರೆದವರು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಇವರು 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಮುಂದೆ ಕಂಪ್ಯೂಟರುಗಳು ಬಂದು ಲಕ್ಷಾಂತರ ವಾಕ್ಯಗಳನ್ನು ಒಂದೆಡೆ ಕಲೆಹಾಕಿ ಎಣಿಸಲು ಸಾಧ್ಯವಾದಾಗ ಈ ಮಾತಿಗೆ ಬಲ ಬಂತು. ಮೌನ, ಮಂದ ಬೆಳಕು ಇವುಗಳ ಪಕ್ಕದಲ್ಲಿ ಅಳುಕು ಹುಟ್ಟಿಸುವ ವಿಚಿತ್ರವನ್ನು ಹೇಳುವ ‘ಈರಿ’ ಕಾಣಿಸುತ್ತದೆ; ಹೋಲಿಕೆಯ ಪಕ್ಕದಲ್ಲಿ ‘ಅನ್‌ಕ್ಯಾನಿ’; ವಾಸನೆ, ರುಚಿಗಳ ಪಕ್ಕದಲ್ಲಿ ‘ಪೆಕ್ಯೂಲಿಯರ್’. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ಯಾವ ನಿಯಮದಿಂದಲೂ ಕಲಿತವರಲ್ಲ. ನಾವು ‘ಕಡುಗಪ್ಪು’ ಎಂದಂತೆ ‘ಕಡುಬಿಳಿ’ ಎನ್ನದಿರುವುದನ್ನು ಹೇಗೆ ಕಲಿತೆವೋ ಅವರೂ ಹಾಗೆಯೇ ಕಲಿತಿದ್ದಾರೆ.

ಈ ಪದಗಳನ್ನು ಬಿಡಿಸಲು ನನಗೆ ಸಹಾಯಕ್ಕೆ ಬರುವ ಪ್ರಶ್ನೆ ಒಂದೇ: ವಿಚಿತ್ರವಿರುವುದು ಎಲ್ಲಿ, ವಸ್ತುವಿನಲ್ಲೋ, ನೋಡುವವನಲ್ಲೋ, ಇಲ್ಲ ಅದು ಕುಳಿತ ಸಾಲಿನಲ್ಲೋ?

‘ಆಡ್’ ಸಾಲಿಗೆ ಸೇರಿದ ಪದ. ಹಳೆಯ ನಾರ್ಸ್ ಭಾಷೆಯ ‘ಒಡ್ಡಿ’ ಎಂದರೆ ತ್ರಿಕೋನದ ತುದಿ, ಎರಡಕ್ಕೆ ಜೊತೆಯಾಗದೆ ಉಳಿದ ಮೂರನೆಯದು. ಬೆಸಸಂಖ್ಯೆಯನ್ನೂ ಜೊತೆ ಕಳೆದುಕೊಂಡ ಒಂಟಿ ಚಪ್ಪಲಿಯನ್ನೂ ಈ ಒಂದೇ ಪದದಿಂದ ಕರೆಯುವುದು ಅದಕ್ಕಾಗಿಯೇ. ಕನ್ನಡದಲ್ಲಿಯೂ ಎರಡರಿಂದ ಭಾಗವಾಗುವ ಸಂಖ್ಯೆಯನ್ನು ‘ಸರಿ’ ಎನ್ನುತ್ತೇವೆ. ತಪ್ಪಿಲ್ಲದ್ದೂ ನಮಗೆ ‘ಸರಿ’ಯೇ. ಸಂಗನಕಲ್ಲಿನ ಬಂಡೆಯನ್ನು ‘ಆಡ್’ ಎನ್ನಬೇಕಾದರೆ ಮೊದಲು ಸುತ್ತಲಿನ ದನಿಗೊಡದ ಬಂಡೆಗಳ ಸಾಲನ್ನು ತೋರಿಸಬೇಕಾಗುತ್ತದೆ. ಕೊಟ್ಟ ವಾಕ್ಯದಲ್ಲಿ ಆ ಸಾಲು ಇರಲಿಲ್ಲ.

‘ಸ್ಟ್ರೇಂಜ್’ ನೋಡುವವನ ಕಡೆಯದು. ಲ್ಯಾಟಿನ್ನಿನಲ್ಲಿ ‘ಹೊರಗಿನದು’ ಎಂಬರ್ಥದ ಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಊರಿಗೆ ಹೊಸಬನಾದವನು ‘ಸ್ಟ್ರೇಂಜರ್’. ಹೀಗಾಗಿ ಪರಿಚಯವಾದೊಡನೆ ಈ ಗುಣ ಕರಗಬೇಕು. ಭೌತವಿಜ್ಞಾನದಲ್ಲಿ ಮಾತ್ರ ಅದು ಕರಗದೆ ಉಳಿಯಿತು. 1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ವಿಶ್ವಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದೆರಗುವ ಕಣಗಳ, ಚಿತ್ರಗಳಲ್ಲಿ ಕಂಡ ಹೊಸ ಕಣಗಳು ಹುಟ್ಟುವಾಗ ತುಂಬ ಅವಸರ ತೋರಿದರೂ ಸಾಯುವಾಗ ಸಾವಕಾಶ ಮಾಡುತ್ತಿದ್ದವು. ಅವುಗಳ ಆಯುಸ್ಸು ಸೆಕೆಂಡಿನ ಸುಮಾರು ಸಾವಿರ ಕೋಟಿಯಲ್ಲಿ ಒಂದು ಭಾಗ. ನಮಗೆ ಇದು ಕಣ್ಣೆವೆ ಮುಚ್ಚುವಷ್ಟೂ ಅಲ್ಲ. ಆದರೆ ಅವು ಹುಟ್ಟಿದ ವೇಗವನ್ನು ನೋಡಿದರೆ ಇದಕ್ಕಿಂತ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ಬೇಗ ಅಳಿಯಬೇಕಿತ್ತು. ಈ ತಡಕ್ಕೆ ಕಾರಣವಾಗಿ ಅಮೆರಿಕದ ಮರೀ ಗೆಲ್‌ಮನ್ ಮತ್ತು ಜಪಾನಿನ ಕಜುಹಿಕೊ ನಿಶಿಜಿಮಾ 1953ರಲ್ಲಿ ಬೇರೆ ಬೇರೆಯಾಗಿಯೇ ಒಂದು ಹೊಸ ಗುಣವನ್ನು ಊಹಿಸಿದರು. ನಿಶಿಜಿಮಾ ಇಟ್ಟದ್ದು ‘ಈಟಾ ಚಾರ್ಜ್’ ಎಂಬ ಸಪ್ಪೆ ಹೆಸರು. ಗೆಲ್‌ಮನ್ನರ ‘ಸ್ಟ್ರೇಂಜ್‌ನೆಸ್’ ಗೆದ್ದಿತು. ಒಗಟು ಬಿಡಿಸಿದ ಮೇಲೂ, ಹತ್ತು ವರ್ಷ ಊರಲ್ಲಿದ್ದವನನ್ನು ‘ಹೊಸಬ’ ಎಂದೇ ಕರೆಯುವಂತೆ, ಆ ಕಣಗಳಿಗೆ ಅದೇ ಹೆಸರು ಅಂಟಿಕೊಂಡಿದೆ.

‘ಪೆಕ್ಯೂಲಿಯರ್’ ವಸ್ತುವಿನದೇ ಸ್ವಂತ. ಇದರ ಮೂಲ ಲ್ಯಾಟಿನ್ನಿನ ‘ಪೆಕು’, ಅಂದರೆ ದನ. ಅದರಿಂದ ಒಬ್ಬನ ಖಾಸಗಿ ಆಸ್ತಿ ಎಂಬ ಅರ್ಥ, ಅದರಿಂದ ‘ತನ್ನದೇ ಆದ’ ಎಂಬ ಅರ್ಥ. ಗೋಧನ ಎನ್ನುವ ನಮಗೆ ಈ ದಾರಿ ಅಪರಿಚಿತವೇನಲ್ಲ. ಬಳ್ಳಾರಿ ಸೀಮೆಯಲ್ಲಿ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗಲಾರದು: ಕುಡತಿನಿಯ ಬೂದಿದಿಬ್ಬವನ್ನು ಜನ ರಾಕ್ಷಸರ ಚಿತೆಯ ಬೂದಿ ಎಂದು ನಂಬಿದ್ದರು. ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಗೊರಸಿನ ಗುರುತುಗಳು ಸಿಕ್ಕವು. ದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಬಿದ್ದ ಸೆಗಣಿ ಸುಟ್ಟು ಆದವು ಎಂಬುದು ಗಟ್ಟಿಯಾಯಿತು. ದಖ್ಖನಿನ ಈ ಭಾಗಕ್ಕೇ ವಿಶಿಷ್ಟವಾದ ಆ ದಿಬ್ಬಗಳನ್ನು ‘ಪೆಕ್ಯೂಲಿಯರ್’ ಎಂದರೆ ಅರ್ಥವೂ ಕೂಡುತ್ತದೆ, ವ್ಯುತ್ಪತ್ತಿಯೂ ಕೂಡುತ್ತದೆ. ಖಗೋಳವಿಜ್ಞಾನಿಗಳು ಇಂದಿಗೂ ಈ ಹಳೆಯ ಅರ್ಥವನ್ನೇ ಬಳಸುತ್ತಾರೆ. ವಿಶ್ವದ ಹಿಗ್ಗುವಿಕೆಯಿಂದ ಬಂದ ವೇಗವನ್ನು ಕಳೆದು, ಗ್ಯಾಲಕ್ಸಿಗೆ ತನ್ನದೇ ಎಂದು ಉಳಿಯುವ ಚಲನೆ ‘ಪೆಕ್ಯೂಲಿಯರ್ ವೆಲಾಸಿಟಿ’. ಅದರಲ್ಲಿ ವಿಚಿತ್ರವೇನೂ ಇಲ್ಲ. ಇದನ್ನು ‘ವಿಚಿತ್ರ ವೇಗ’ ಎಂದು ಅನುವಾದಿಸಿದರೆ ಅರ್ಧ ಅಂಕವೂ ಸಿಗದು.

ಭಯ ಬೆರೆತ ಪದಗಳ ಪೈಕಿ ‘ಅನ್‌ಕ್ಯಾನಿ’ಯೇ ಹೆಚ್ಚು ಸೂಕ್ಷ್ಮವಾದದ್ದು. ಅದು ಅಪರಿಚಿತದ ಭಯವಲ್ಲ, ಹೆಚ್ಚುಕಡಿಮೆ ಪರಿಚಿತವಾದುದರ ಭಯ. ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಬರೆದ ಪ್ರಬಂಧದ ಪ್ರಕಾರ, ಯಂತ್ರವು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಇಷ್ಟವಾಗುತ್ತದೆ. ಹೋಲಿಕೆ ಇನ್ನೇನು ಪೂರ್ಣವಾಗಬೇಕು ಎನ್ನುವಾಗ ಇಷ್ಟ ತಟ್ಟನೆ ಕುಸಿದು ಮೈ ಜುಮ್ಮೆನ್ನುತ್ತದೆ. ಹೊಲದ ಬೆದರುಗೊಂಬೆ ಹಗಲಿನಲ್ಲಿ ನಗೆ ತರಿಸಿ, ಮುಸ್ಸಂಜೆಯಲ್ಲಿ ಎದೆ ಝಲ್ಲೆನಿಸುವುದು ಇದರ ಸರಳ ರೂಪ. ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಇದೇ ಭಾವವನ್ನು ವಿವರಿಸಲು ಆಯ್ದುಕೊಂಡ ಜರ್ಮನ್ ಪದದ ಒಳಗೆ ‘ಮನೆ’ ಎಂಬ ಪದವೇ ಅಡಗಿದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನಿಂತವರಿಗೆ ಇದು ಬೇಗ ಅರ್ಥವಾದೀತು. ಬಂಡೆಯ ಗೋಡೆ, ಬಂಡೆಯ ಸೂರು, ಗೋಡೆಯಲ್ಲೊಂದು ದುಂಡು ಕಿಂಡಿ: ಜನ ‘ಮೋರ್ಯರ ಮನೆ’ ಎನ್ನುವ ಇವು ಮನೆಯಂತೆಯೇ ಇದ್ದೂ ಸತ್ತವರಿಗಾಗಿ ಕಟ್ಟಿದವು.

‘ವಿಯರ್ಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಾಲಕ್ಕೆ ಹಣೆಬರಹ ಎಂಬ ಗಂಭೀರ ಅರ್ಥವಿದ್ದ ಆ ಪದ ಇಂದು ಕ್ಯಾಂಟೀನಿನ ಉಪ್ಪಿಟ್ಟಿಗೂ ಸಲ್ಲುತ್ತದೆ. ‘ಬಿಜಾರ್’ನಲ್ಲಿ ಅತಿರೇಕವಿದೆ, ಸುಮ್ಮನೆ ಬಿದ್ದಿರುವ ಕಲ್ಲಿಗೆ ಅದು ಸಲ್ಲದು.

ಉಳಿದದ್ದು ‘ಕ್ಯೂರಿಯಸ್’, ತಕರಾರು ತೆಗೆದ ಹುಡುಗಿಯ ಉತ್ತರ. ‘ಕಾಳಜಿ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಇದು ಪ್ರಶ್ನೆ ಕೇಳುವವನಿಗೂ ಸಲ್ಲುತ್ತದೆ, ಪ್ರಶ್ನೆ ಹುಟ್ಟಿಸುವ ವಸ್ತುವಿಗೂ ಸಲ್ಲುತ್ತದೆ. ನಮ್ಮ ‘ಚೋದ್ಯ’ದಲ್ಲಿಯೂ ಪ್ರಶ್ನೆ ಮತ್ತು ಅಚ್ಚರಿ ಎರಡೂ ಇವೆ. ಅವಳಿಗೆ ನಾನು ಕೊಟ್ಟಿದ್ದ ಅರ್ಧ ಅಂಕವನ್ನು ಪೂರ್ತಿ ಮಾಡಲು ಉತ್ತರಪತ್ರಿಕೆ ತೆಗೆದಾಗ, ಕೆಳಗೆ ಪೆನ್ಸಿಲಿನಲ್ಲಿ ಅವಳೇ ಬರೆದ ‘ಯಾಕೆ ಸದ್ದು ಮಾಡುತ್ತದೆ?’ ಎಂಬ ಸಾಲು ಕಂಡಿತು. ಅದರ ಪಕ್ಕದಲ್ಲಿ ಬರೆದೆ: ಆ ಬಂಡೆ ಡೊಲರೈಟ್; ಕಣಗಳು ಒತ್ತೊತ್ತಾಗಿ ಹೆಣೆದುಕೊಂಡ ಗಟ್ಟಿ ಕಲ್ಲು. ಇಂಥ ಬಂಡೆ ನೆಲದಲ್ಲಿ ಹೂತಿರದೆ ಕೆಲವೇ ಜಾಗಗಳಲ್ಲಿ ಊರಿಕೊಂಡು ಕುಳಿತಿದ್ದರೆ, ಪೆಟ್ಟಿನ ಕಂಪನ ನೆಲಕ್ಕೆ ಸೋರಿಹೋಗದೆ ಕಲ್ಲಿನಲ್ಲೇ ಉಳಿದು ದನಿಯಾಗುತ್ತದೆ.