ಎರೆ ಹೊಲದಲ್ಲಿ ಹೂತ ಜೀಪು: ಜಗ್ಗುವ ಮೊದಲು ಸಲಿಕೆ

ಮಾನ್ವಿ, ಸಿಂಧನೂರು, ಸಿರುಗುಪ್ಪದ ಕಡೆ ಹಿಂಗಾರಿ ಮಳೆ ಸುರಿದ ಮರುದಿನ ಎರೆ ಹೊಲದ ದಾರಿಗೆ ಇಳಿದರೆ, ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಜೀಪೂ ಹೂತುಕೊಳ್ಳುತ್ತದೆ. ಆಮೇಲೆ ಟ್ರ್ಯಾಕ್ಟರ್ ಬರುತ್ತದೆ, ಸರಪಳಿ ಬಿಗಿಯುತ್ತಾರೆ, ಹುಡುಗರೆಲ್ಲ ಸುತ್ತ ನೆರೆಯುತ್ತಾರೆ, ಡ್ರೈವರ್ ಒಮ್ಮೆಲೇ ಜಗ್ಗುತ್ತಾನೆ. ಕೆಸರಿನಲ್ಲಿ ಸಿಕ್ಕ ಗಾಡಿ ನಾಳೆ ಹೊರಬಂದರೂ ನಡೆದೀತು. ಜೀವಕ್ಕೆ ಕುತ್ತು ಬರುವುದು ಈ ಜಗ್ಗಾಟದಲ್ಲಿ.

ಎರೆ ಮಣ್ಣಿನ ಸ್ವಭಾವಕ್ಕೆ ಕಾರಣ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತ ಖನಿಜವದು. ಹಾಳೆಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಆರಿದರೆ ಕೈ ತೂರುವಷ್ಟು ಬಿರಿಯುತ್ತದೆ. ಉಬ್ಬಿದ ಮಣ್ಣು ನೀರನ್ನು ಬಸಿಯಗೊಡುವುದಿಲ್ಲ. ಟೈರಿನ ಕಚ್ಚುಗಳಲ್ಲಿ ತುಂಬಿಕೊಂಡು ಹಿಡಿತವನ್ನೇ ಕಸಿಯುತ್ತದೆ. ಗಾಲಿಯನ್ನು ಮೇಲೆತ್ತಹೋದರೆ ಅಡಿಗೆ ಗಾಳಿ ನುಸುಳಲು ಸಂದಿಲ್ಲದೆ ಹೀರಿ ಹಿಡಿಯುತ್ತದೆ.

ಎಂಜಿನ್ ಬಲವನ್ನು ಗಾಲಿಗಳಿಗೆ ಹಂಚುವ ಗೇರಿನ ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಎಡ ಬಲ ಎರಡೂ ಗಾಲಿಗೆ ಸಮನಾದ ತಿರುಗುಬಲ ಕೊಡುತ್ತದೆ. ಒಂದು ಗಾಲಿ ಹಿಡಿತವಿಲ್ಲದೆ ಸುಮ್ಮನೆ ಸುತ್ತತೊಡಗಿದರೆ ಗಟ್ಟಿ ನೆಲದ ಮೇಲಿರುವ ಜೊತೆಗಾಲಿಗೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಆಗ ಆಕ್ಸಿಲರೇಟರ್ ತುಳಿದಷ್ಟೂ ಗಾಲಿ ಗುಂಡಿ ತೋಡಿಕೊಳ್ಳುತ್ತದೆ. ಗಾಲಿ ಸುತ್ತಿದ್ದು ಕಂಡ ಕೂಡಲೇ ಕಾಲು ತೆಗೆಯಬೇಕು.

ಅಮೆರಿಕದ ಸೇನೆ ಬಳಸುವ ಒಂದು ಅಂದಾಜು ನನಗೆ ಬಹಳ ಉಪಯುಕ್ತವೆನಿಸುತ್ತದೆ: ಗಾಲಿಯ ಮಟ್ಟಕ್ಕೆ ಹೂತ ಗಾಡಿಯನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಇಳಿದಿದ್ದರೆ ತೂಕದ ಎರಡು ಪಟ್ಟು. ಅಂದರೆ 2 ಟನ್ನಿನ ಜೀಪು 4 ಟನ್ ಬಲ ಕೇಳುತ್ತದೆ. ಸಲಿಕೆ ಈ ಲೆಕ್ಕವನ್ನೇ ಇಳಿಸುತ್ತದೆ. ಗಾಲಿಯ ಮುಂದಿನ ಮಣ್ಣಿನ ಗೋಡೆಯನ್ನು ಇಳಿಜಾರಾಗಿ ಕಡಿಯಿರಿ, ಪಕ್ಕದಲ್ಲಿ ತೋಡಿ ಗಾಳಿಗೆ ದಾರಿ ಮಾಡಿ, ನೆಲಕ್ಕೆ ತಾಗಿದ ಅಡಿಭಾಗವನ್ನು ಬಿಡಿಸಿ. ಗಾಲಿಯಡಿ ಹತ್ತಿ ಕಟ್ಟಿಗೆಯ ಹೊರೆ, ಗೋಣಿಚೀಲ, ಚಪ್ಪಟೆ ಕಲ್ಲು ಹಾಕಬಹುದು. ಬದುವಿನ ಮೇಲೆ ಬಳ್ಳಾರಿ ಜಾಲಿ ಧಾರಾಳವಾಗಿ ಸಿಗುತ್ತದೆಂದು ಅದನ್ನು ಕಡಿದು ಹಾಕಬೇಡಿ, ಮುಳ್ಳು ಟೈರು ತೂತು ಮಾಡುತ್ತದೆ. ಟೈರಿನ ಗಾಳಿಯನ್ನು 30ರಿಂದ 18 ಪಿಎಸ್‌ಐ ಸುಮಾರಿಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ನೆಲದ ಮೇಲಿನ ಒತ್ತಡ ತಗ್ಗುತ್ತದೆ. ತುಂಗಭದ್ರೆಯ ಪಾತ್ರದ ಮರಳಿನಲ್ಲಿ ಎಷ್ಟೋ ಸಲ ಇದೊಂದೇ ಸಾಕಾಗುತ್ತದೆ.

ಇಷ್ಟಾದ ಮೇಲೂ ಎಳೆಯಬೇಕಾಗಿ ಬಂದರೆ ಸರಪಳಿಯ ಲೆಕ್ಕ ನೋಡಿ. ಎಳೆಯುವ ಗಾಡಿ 2 ಟನ್ನಿನದಾಗಿದ್ದು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೊರಟರೆ ಅದರಲ್ಲಿ ಸುಮಾರು 7,700 ಜೂಲ್ ಚಲನಶಕ್ತಿ ಇರುತ್ತದೆ. ಸರಪಳಿ ಹಿಗ್ಗುವುದಿಲ್ಲ. ಆ ಶಕ್ತಿಯೆಲ್ಲ 10 ಸೆಂ.ಮೀ. ಅಂತರದಲ್ಲಿ ಖರ್ಚಾದರೆ ಕೊಂಡಿಯ ಮೇಲೆ ಸರಾಸರಿ 8 ಟನ್ನಿನಷ್ಟು ಹೊಡೆತ ಬೀಳುತ್ತದೆ. ಇದೇ ಕೆಲಸಕ್ಕೆಂದು ಮಾಡಿದ 9 ಮೀಟರಿನ ನೈಲಾನ್ ಪಟ್ಟಿ ಶೇ. 20ರಷ್ಟು ಹಿಗ್ಗಿದರೆ ಅದೇ ಶಕ್ತಿ 1.8 ಮೀಟರಿನಲ್ಲಿ ಹಂಚಿಹೋಗಿ, ಸರಾಸರಿ ಬಲ ಅರ್ಧ ಟನ್ನಿಗೂ ಕಡಿಮೆಯಾಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ ಎಂಬುದನ್ನು ಡ್ರೈವರ್ ಮರೆಯಬಾರದು.

ನೈಲಾನ್ ಪಟ್ಟಿಗೂ ತನ್ನದೇ ಅಪಾಯವಿದೆ. ಹಿಗ್ಗಿದ ಪಟ್ಟಿಯೊಳಗೆ ಶಕ್ತಿ ಕೂಡಿರುತ್ತದೆ. ತುದಿಯ ಕೊಕ್ಕೆ ಕಿತ್ತರೆ ಆ ಕಬ್ಬಿಣ ಕವಣೆಕಲ್ಲಿನಂತೆ ಹಾರುತ್ತದೆ. ಆದ್ದರಿಂದ ಕಟ್ಟುವ ಜಾಗ ಚಾಸಿಗೇ, ಅಂದರೆ ಗಾಡಿಯ ಮೂಲ ಚೌಕಟ್ಟಿಗೇ, ಬೋಲ್ಟ್ ಆಗಿರಬೇಕು. ಬಂಪರ್, ಸಾಗಣೆಯಲ್ಲಿ ಗಾಡಿ ಅಲುಗದಂತೆ ಬಿಗಿಯಲು ಕೊಟ್ಟ ಸಣ್ಣ ಬಳೆ, ಟ್ರೇಲರ್ ಸಿಕ್ಕಿಸುವ ಗುಂಡು, ಇವು ಯಾವುವೂ ಈ ಬಲಕ್ಕೆ ಮಾಡಿದವಲ್ಲ. ಪಟ್ಟಿಯ ನಡುವೆ ಒದ್ದೆ ಕಂಬಳಿ ಹೊದಿಸಿ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಹಗ್ಗದ ನೇರದಲ್ಲಂತೂ ಎಷ್ಟು ದೂರದಲ್ಲೂ ನಿಲ್ಲಬಾರದು. ಮೊಬೈಲ್ ಹಿಡಿದು ಮುಂದೆ ಬರುವ ಹುಡುಗರನ್ನು ಬೈದಾದರೂ ಹಿಂದೆ ಕಳಿಸಿ.

ಟ್ರ್ಯಾಕ್ಟರ್ ಓಡಿಸುವಾತನ ಜೀವ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ, ಜೀಪು ಕದಲದೇ ಇದ್ದಾಗ ಟ್ರ್ಯಾಕ್ಟರಿನ ಮೂತಿ ಎದ್ದು ಅದು ಹಿಮ್ಮುಖವಾಗಿ ಮಗುಚುತ್ತದೆ. ಒಂದೂವರೆ ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ, ಕ್ಲಚ್ ಒತ್ತಲೂ ಸಮಯವಿರುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ, ಎಳೆಯಲೆಂದೇ ಮಾಡಿದ ಡ್ರಾಬಾರ್ ಎಂಬ ಕಬ್ಬಿಣದ ಪಟ್ಟಿಗೇ ಕಟ್ಟಬೇಕು, ಲೋ ಗೇರಿನಲ್ಲಿ ನಿಧಾನ ಎಳೆಯಬೇಕು. ಗಾಡಿ ಇಳಿದ ಹಾದಿಯಲ್ಲೇ ಹಿಂದಕ್ಕೆ ಎಳೆಯುವುದು ಬಹುತೇಕ ಸುಲಭ, ಆ ಮಣ್ಣು ಆಗಲೇ ಅದುಮಿಕೊಂಡಿರುತ್ತದೆ.

ಹೊರಬಂದ ಮೇಲೆ ಗಾಲಿಯೊಳಗಿನ ಎರೆ ಮಣ್ಣನ್ನು ಹಸಿ ಇದ್ದಾಗಲೇ ಕೆರೆದು ತೊಳೆಯಿರಿ. ಒಣಗಿ ಗಟ್ಟಿಯಾದರೆ ಗಾಲಿಯ ತೂಕ ಏರುಪೇರಾಗಿ ಸ್ಟೀರಿಂಗ್ ನಡುಗುತ್ತದೆ. ಬ್ರೇಕ್ ಹಿಡಿಯುತ್ತದೆಯೇ ಎಂದು ನಿಧಾನ ವೇಗದಲ್ಲೇ ನೋಡಿಕೊಳ್ಳಿ. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಕಾದು ಒಡೆಯಬಹುದು, ಹೆದ್ದಾರಿ ಹತ್ತುವ ಮುಂಚೆ ಮತ್ತೆ ತುಂಬಿಸಿ.