ಮಾಲೆ ತೆಗೆದ ಮರುದಿನ

ಪ್ರತಿ ವರ್ಷ ಸಂಕ್ರಾಂತಿ ಕಳೆದು ಶಬರಿಮಲೆಗೆ ಹೋದವರೆಲ್ಲ ಊರಿಗೆ ಮರಳಿದ ಮೇಲೆ, ವ್ಯಸನಮುಕ್ತಿ ಚಿಕಿತ್ಸೆಗೆಂದು ನನ್ನಲ್ಲಿಗೆ ಬರುವ ಕೆಲವು ದಂಪತಿಗಳ ಕಥೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಗಂಡ ತಲೆ ತಗ್ಗಿಸಿ ಕುಳಿತಿರುತ್ತಾನೆ. ಹೆಂಡತಿ ಹೇಳುತ್ತಾಳೆ: "ನಲವತ್ತೊಂದು ದಿನ ಒಂದು ಹನಿ ಮುಟ್ಟಲಿಲ್ಲ ಡಾಕ್ಟ್ರೇ. ಮಾಲೆ ತೆಗೆದ ಮರುದಿನ ಸಂಜೆಗೇ ಶುರುವಾಯ್ತು." ಆಮೇಲೆ ಇಬ್ಬರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ, ಹಾಗಾದರೆ ವ್ರತವೆಲ್ಲ ನಾಟಕವಾಗಿತ್ತೇ?

ನಾಟಕವಾಗಿರಲಿಲ್ಲ ಎಂದೇ ನಾನು ಉತ್ತರಿಸುತ್ತೇನೆ. ಮಾಲೆ ಹಾಕಿದವನು ನಸುಕಿನಲ್ಲೆದ್ದು ತಣ್ಣೀರು ಮೀಯುತ್ತಾನೆ, ಬರಿಗಾಲಿನಲ್ಲಿ ನಡೆಯುತ್ತಾನೆ, ಚಾಪೆಯ ಮೇಲೆ ಮಲಗುತ್ತಾನೆ. ಬಾಟಲಿ ತೆರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಭಜನೆಗೆ ಹೋಗಿ ಕೂರುತ್ತಾನೆ. ನಿನ್ನೆಯವರೆಗೆ ಗ್ಲಾಸು ಮುಂದೆ ಚಾಚುತ್ತಿದ್ದ ಗೆಳೆಯನೂ ದೂರ ಸರಿದು "ಸ್ವಾಮಿ" ಎಂದು ಕೈಮುಗಿಯುತ್ತಾನೆ, ಮನೆಯಲ್ಲಿ ಹೆಂಡತಿ ಮಕ್ಕಳೂ ಹಾಗೆಯೇ ಕರೆಯುತ್ತಾರೆ. ವ್ಯಸನಿಯ ಸುತ್ತ ಇಂಥದೊಂದು ಆವರಣ ಕಟ್ಟಲು ನಾವು ವೈದ್ಯರು, ಆಪ್ತಸಮಾಲೋಚಕರು ತಿಂಗಳುಗಟ್ಟಲೆ ಹೆಣಗುತ್ತೇವೆ, ಆದ್ದರಿಂದ ಅದನ್ನು ಹಗುರವಾಗಿ ಕಾಣುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಆ ಆವರಣ ಇರುವುದು ಮನುಷ್ಯನ ಹೊರಗೆ. ನಲವತ್ತೆರಡನೆಯ ದಿನ ಮಾಲೆಯೊಂದಿಗೆ ಅದೂ ಕಳಚಿಹೋಗುತ್ತದೆ, ಹಳೆಯ ಹೆಸರು, ಹಳೆಯ ಗೆಳೆಯರು, ಸಂಜೆ ಏಳು ಗಂಟೆಯ ಹಳೆಯ ಚಡಪಡಿಕೆ ಒಟ್ಟಿಗೇ ಮರಳುತ್ತವೆ.

ಇಲ್ಲಿ ವೈದ್ಯನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವರು ವ್ರತಕ್ಕೆಂದೋ ಹರಕೆಗೆಂದೋ ಏಕಾಏಕಿ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು ಕಾಣಿಸಿಕೊಳ್ಳಬಹುದು, ಫಿಟ್ಸ್ ಬರಬಹುದು. ಕೆಲವರಿಗೆ ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣುವ, ಕೇಳಿಸುವ ಸ್ಥಿತಿ ಬರುತ್ತದೆ. ಡೆಲಿರಿಯಮ್ ಟ್ರೆಮೆನ್ಸ್ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಮನೆಯವರು ಅದನ್ನು ಗಾಳಿ ಸೋಕಿದ್ದೆಂದೋ ಮೈಮೇಲೆ ದೇವರು ಬಂದದ್ದೆಂದೋ ತಿಳಿದು ಒಂದೆರಡು ದಿನ ಕಳೆದುಬಿಡುವುದನ್ನು ನಾನು ಕಂಡಿದ್ದೇನೆ. ಬಿಡುವ ಸಂಕಲ್ಪ ದೇವರ ಮುಂದೆ ಆಗಲಿ, ಬಿಡುವ ಮೊದಲ ವಾರ ಮಾತ್ರ ವೈದ್ಯರ ನಿಗಾದಲ್ಲಿ ಇರಲಿ.

ದರ್ಶನಕ್ಕೂ ಪರಿವರ್ತನೆಗೂ ಇರುವ ಅಂತರವನ್ನು ವಿವರಿಸುವಾಗ ನಾನು ಬಿಲ್ ವಿಲ್ಸನ್ ಎಂಬ ಅಮೆರಿಕದ ಷೇರು ವ್ಯಾಪಾರಿಯ ಕಥೆ ಹೇಳುವುದುಂಟು. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡಿದ್ದ ಆತ 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿದ್ದಾಗ, ಕೋಣೆಯೆಲ್ಲ ಬೆಳಕು ತುಂಬಿದಂತೆ, ಬೆಟ್ಟದ ತುದಿಯಲ್ಲಿ ನಿಂತಂತೆ ಒಂದು ಅನುಭವವಾಯಿತು. ಅಲ್ಲಿನ ಚಿಕಿತ್ಸೆಯಲ್ಲಿ ಭ್ರಮೆ ಹುಟ್ಟಿಸಬಲ್ಲ ಬೆಲ್ಲಡೋನಾ ಎಂಬ ಔಷಧವನ್ನೂ ಕೊಡುತ್ತಿದ್ದುದರಿಂದ ಅದು ದೈವಾನುಭವವೋ ಔಷಧದ ಪರಿಣಾಮವೋ ಎಂಬ ಚರ್ಚೆ ಇಂದಿಗೂ ಇದೆ. ನನಗೆ ಆ ಚರ್ಚೆಗಿಂತ ಮುಖ್ಯವೆನಿಸುವುದು ಐದು ತಿಂಗಳ ನಂತರದ ಒಂದು ಸಂಜೆ. ಓಹಾಯೋದ ಆ್ಯಕ್ರನ್ ಊರಿನಲ್ಲಿ ವ್ಯವಹಾರವೊಂದು ಕೈಕೊಟ್ಟು, ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದಾಗ ಪಕ್ಕದ ಬಾರಿನ ಸದ್ದು ಅವನನ್ನು ಸೆಳೆಯಿತು. ಆ ಹೊತ್ತಿಗೆ ಅವನು ಹಳೆಯ ಬೆಳಕನ್ನು ನೆಚ್ಚಿ ಕೂರಲಿಲ್ಲ. ತನ್ನಂಥದೇ ಇನ್ನೊಬ್ಬ ಕುಡುಕನನ್ನು ಹುಡುಕಲು ಫೋನು ಮಾಡತೊಡಗಿದ. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರು ಕೊನೆಯ ಬಾರಿ ಕುಡಿದರೆನ್ನಲಾದ 1935ರ ಜೂನ್ 10ನ್ನೇ, ಕುಡಿತ ಬಿಡಲು ವ್ಯಸನಿಗಳೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಆ ಕೂಟ ಚೇತರಿಕೆಗೆಂದು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಕುಡಿತದ ಮಾತು ಬರುವುದು ಮೊದಲನೆಯದರಲ್ಲಿ. ಕೊನೆಯದು ಇತರ ವ್ಯಸನಿಗಳಿಗೆ ಈ ದಾರಿ ತಿಳಿಸುವ ಕುರಿತಾದದ್ದು. ನಡುವಿನ ಹೆಜ್ಜೆಗಳಲ್ಲಿ ಮದ್ಯದ ಸುದ್ದಿಯೇ ಇಲ್ಲ. ಅಲ್ಲಿರುವುದು ದೇವರೆದುರಿನ ಶರಣಾಗತಿ ಮತ್ತು ಲೆಕ್ಕಾಚಾರ: ತನ್ನ ದೋಷಗಳನ್ನು ನಿರ್ಭಯವಾಗಿ ಪಟ್ಟಿ ಮಾಡುವುದು, ಅದನ್ನು ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು, ನೋಯಿಸಿದವರನ್ನೆಲ್ಲ ನೆನೆದು ಆದ ಹಾನಿಯನ್ನು ತುಂಬಿಕೊಡುವುದು. ಒಂಬತ್ತನೆಯ ಹೆಜ್ಜೆಗೆ ಒಂದು ಷರತ್ತು ಇದೆ. ಹಾಗೆ ತುಂಬಿಕೊಡಲು ಹೋಗುವುದರಿಂದ ಅವರಿಗೋ ಬೇರೆಯವರಿಗೋ ಮತ್ತೆ ಪೆಟ್ಟಾಗುವುದಾದರೆ ಹೋಗಬಾರದು.

ಈ ಷರತ್ತಿನ ಬೆಲೆ ನನಗೆ ತಿಳಿದದ್ದು ತಡವಾಗಿ. ವೃತ್ತಿಯ ಆರಂಭದಲ್ಲಿ, ಒಬ್ಬರು ಬಂಧುಬಳಗದ ಎದುರು ಹೆಂಡತಿಯ ಕಾಲಿಗೆ ಬಿದ್ದು ಅತ್ತದ್ದನ್ನು ಕೇಳಿ ನಾನು ಮೆಚ್ಚಿಕೊಂಡಿದ್ದೆ. ಮುಂದಿನ ಭೇಟಿಯಲ್ಲಿ ಆ ಹೆಂಡತಿ, "ಅಷ್ಟು ಜನರ ಮುಂದೆ ನಾನು ಇನ್ನೇನು ಹೇಳೋಕಾಗ್ತಿತ್ತು? ಆಯ್ತು ಅಂದೆ" ಎಂದರು. ಹದಿನೈದು ವರ್ಷದ ನೋವಿಗೆ ಒಂದೇ ಗಳಿಗೆಯಲ್ಲಿ ರಸೀದಿ ಬರೆಸಿಕೊಂಡಂತಾಗಿತ್ತು. ಅಂದಿನಿಂದ, ಎದುರಿನವರನ್ನು ಇಕ್ಕಟ್ಟಿಗೆ ಸಿಲುಕಿಸುವ ಕ್ಷಮಾಯಾಚನೆಯನ್ನು ನಾನು ಹಳೆಯ ಚಾಳಿಯ ಮುಂದುವರಿಕೆಯೆಂದೇ ಕಾಣುತ್ತೇನೆ: ಆಗ ಕುಡಿಯಲು ಹಣ ಕೇಳುತ್ತಿದ್ದ, ಈಗ ನೆಮ್ಮದಿ ಕೇಳುತ್ತಾನೆ, ಎರಡನ್ನೂ ಹೆಂಡತಿಯೇ ಕೊಡಬೇಕು. ಕುಡಿತ ಬಿಟ್ಟು ಆರು ತಿಂಗಳಾದರೂ ಮನೆಯಲ್ಲಿ ಯಾರೂ ತನ್ನನ್ನು ಮೆಚ್ಚುತ್ತಿಲ್ಲವೆಂದು ಸಿಡುಕುವವರದ್ದೂ ಇದೇ ಕಥೆ. ಅಂಥವರಲ್ಲಿ ರಕ್ತಪರೀಕ್ಷೆ ಸುಧಾರಿಸಿರುತ್ತದೆ, ಯಕೃತ್ತು ಚೇತರಿಸಿಕೊಳ್ಳುತ್ತಿರುತ್ತದೆ, ಸ್ವಭಾವ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಬ್ಬರನ್ನು ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿ. ಲಾರಿ ಚಾಲಕರು, ಐವತ್ತರ ಆಸುಪಾಸಿನವರು. ದೇವರ ವಿಷಯ ನನ್ನೊಡನೆ ಎಂದೂ ಆಡಿದವರಲ್ಲ. ಹೆಂಡತಿಯ ಬಳೆಗಳನ್ನು ಗಿರವಿ ಇಟ್ಟು ಕಳೆದಿದ್ದರು. ಸ್ವಸಹಾಯ ಸಂಘದಲ್ಲಿ ಆಕೆ ಎತ್ತಿದ ಸಾಲವನ್ನೂ ಕುಡಿದು ಮುಗಿಸಿದ್ದರು. ಚಿಕಿತ್ಸೆಯ ನಂತರ ಅವರು ಕ್ಷಮೆ ಕೇಳಲಿಲ್ಲ. ಸಂಘದ ಕಂತಿನ ಪುಸ್ತಕವನ್ನು ತಮ್ಮ ಜೇಬಿಗೆ ಹಾಕಿಕೊಂಡರು, ಅಷ್ಟೇ. ಕಂತಿನ ದಿನ ಎಷ್ಟು ದೂರದ ಬಾಡಿಗೆಯಲ್ಲಿದ್ದರೂ ಹಣ ಮನೆ ತಲುಪುತ್ತಿತ್ತು. ಮಧ್ಯೆ ಒಮ್ಮೆ ಮುಗ್ಗರಿಸಿ ಎರಡು ದಿನ ಕುಡಿದರು. ಮೂರನೆಯ ದಿನ ತಾವಾಗಿಯೇ ಬಂದು ನನ್ನೆದುರು ಕುಳಿತರು. ಅದಕ್ಕೆ ಮೊದಲೇ ಹೆಂಡತಿಗೂ ಹೇಳಿಯಾಗಿತ್ತು.

ಆಕೆಗೆ ಒಂದು ಅಭ್ಯಾಸವಿತ್ತು. ಗಂಡ ರಾತ್ರಿ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಿ ನೋಡುವುದು. ಅನೇಕ ಮನೆಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿಂದ, ಬಿಟ್ಟ ಮೇಲೂ ಅನುಮಾನಿಸುತ್ತಾಳೆಂದು ಸಿಟ್ಟಾಗಿ ಮತ್ತೆ ಕುಡಿದವರನ್ನೂ ನಾನು ಬಲ್ಲೆ. ಹಾಗಾಗಿ ಎರಡನೆಯ ವರ್ಷದ ಕೊನೆಗೆ ಅವರನ್ನು ಕೇಳಿದೆ, "ಬೇಸರ ಆಗೋದಿಲ್ವೇ?"

"ಆಗ್ತಿತ್ತು ಸಾರ್," ಎಂದರು. "ಈಗ ಅವಳು ಬರೋವರೆಗೆ ನಾನೇ ಹೊಸಿಲ ಮೇಲೆ ನಿಂತಿರ್ತೀನಿ. ಅವಳಿಗೆ ನಿದ್ದೆ ಬರ್ಬೇಕಲ್ಲ."